ಮೂರು ವಾರ ಕಾಡಿದ ಹಳೇ ಕ್ಯಾಮೆರಾ ಚಿತ್ರ ಕೊನೆಗೂ ಹೋಯ್ತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಸೈಟಿನ ಲಿಂಕನ್ನು ನನಗೇ ವಾಟ್ಸಾಪ್ ಮಾಡಿಕೊಂಡೆ. ಕೆಳಗೆ ಪೆನ್ನಿನ ಚಿತ್ರ ಬಂತು. ಕ್ಯಾಮೆರಾ ಅಲ್ಲ, ಪೆನ್ನು! ಖುಷಿಗೆ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಮೊದಲು ನಾನು ಫೋಟೋಗ್ರಫಿ ಹಾಕುತ್ತಿದ್ದೆ. ಎರಡು ವರ್ಷದಿಂದ ಪೂರ್ತಿ ಹಳೇ ಫೌಂಟನ್ ಪೆನ್ನುಗಳ ರಿಪೇರಿ. ಆದರೆ ನನ್ನ ಸೋಷಿಯಲ್ ಮೀಡಿಯಾ ಅಕೌಂಟುಗಳಲ್ಲಿ ಒಂದು ಕಡೆ ಹಳೇ ಹೆಸರು, ಇನ್ನೊಂದು ಕಡೆ ಹೊಸ ಚಿತ್ರ, ಮತ್ತೊಂದು ಕಡೆ ಎರಡೂ ಇಲ್ಲ. ಎಲ್ಲವನ್ನೂ ಒಂದೇ ಥರ ಮಾಡೋಣ ಅಂತ ಕೂತಿದ್ದು.

ಹೆಸರಿನ ಕಥೆ ಬೇಗ ಮುಗಿಸುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ 30 ಅಕ್ಷರದವರೆಗೆ ಹೆಸರು ಇಡಬಹುದು, ನಡುವೆ ಚುಕ್ಕಿಯೂ ನಡೆಯುತ್ತದೆ. ಎಕ್ಸ್‌ನಲ್ಲಿ 15ಕ್ಕೆ ಮುಗೀತು, ಚುಕ್ಕಿ ಹಾಕೋ ಹಾಗೇ ಇಲ್ಲ. ಹಾಗಾಗಿ ಎಕ್ಸ್ ಒಪ್ಪುವ ಹೆಸರನ್ನೇ ಮೊದಲು ಹುಡುಕಿ, ಅದನ್ನೇ ಉಳಿದ ಕಡೆಗೂ ಹಾಕಿದೆ. 13 ಅಕ್ಷರ, ಚುಕ್ಕಿ ಇಲ್ಲ, ಗೆರೆ ಇಲ್ಲ. ಯಾವ ಕಡೆ ನಿಯಮ ಜಾಸ್ತಿ ಬಿಗಿಯೋ ಅಲ್ಲಿಂದಲೇ ಶುರು ಮಾಡಿ, ಅರ್ಧ ತಲೆನೋವು ಕಡಿಮೆ. ಪ್ರೊಫೈಲ್ ಚಿತ್ರಕ್ಕೆ ಶಾಯಿ ಅಂಟಿದ ಬೆರಳುಗಳ ನಡುವೆ ಹಿಡಿದ ನಿಬ್ ಇಟ್ಟೆ. ಹೆಚ್ಚಿನ ಕಡೆ ಪ್ರೊಫೈಲ್ ಚಿತ್ರವನ್ನು ದುಂಡಗೆ ಕತ್ತರಿಸುವುದರಿಂದ ನಿಬ್ಬಿನ ತುದಿಯೇ ಹಾರಿಹೋಗುತ್ತಿತ್ತು, ಸ್ವಲ್ಪ ಹಿಂದೆ ಸರಿದು ಮತ್ತೆ ತೆಗೆದೆ. ಇಷ್ಟೆಲ್ಲ ಒಂದು ಭಾನುವಾರದ ಕೆಲಸ.

ಆಮೇಲೆ ಶುರುವಾಯಿತು ನೋಡಿ.

ಎಲ್ಲಾದರೂ ನನ್ನ ಸೈಟಿನ ಲಿಂಕ್ ಹಾಕಿದರೆ ಕೆಳಗೆ ಅದೇ ಹಳೇ ಕ್ಯಾಮೆರಾ ಲೋಗೋ, ಅದೇ ಹಳೇ ಹೆಸರು. ಸೈಟ್ ತೆರೆದರೆ ಎಲ್ಲ ಹೊಸದು. ಲಿಂಕಿನ ಜೊತೆ ಕಾಣುವ ಪ್ರಿವ್ಯೂ ಮಾತ್ರ ಹಳೇದು. ಇದೇನು ಮಹಾ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅದೇ ವಾರ ಒಬ್ಬರು ತಮ್ಮ ತಾತನ ಪೆನ್ನಿನ ಬಗ್ಗೆ ಮೆಸೇಜ್ ಮಾಡಿದರು. ಒಳಗಿನ ರಬ್ಬರ್ ಚೀಲ ಗಟ್ಟಿಯಾಗಿ ಪುಡಿಪುಡಿ ಆಗಿದೆ, ಸರಿ ಮಾಡ್ತೀರಾ ಅಂತ. ನಾನು ಲಿಂಕ್ ಕಳಿಸಿದೆ. ಅವರಿಂದ ಬಂದ ಉತ್ತರ: "ಇದ್ಯಾವುದೋ ಫೋಟೋಗ್ರಫಿ ಸೈಟ್ ಬರ್ತಿದೆ. ನಿಜವಾಗ್ಲೂ ನಿಮ್ಮದೇ ಅಕೌಂಟಾ?" ಅವರು ಕೇಳಿದ್ದು ಸರಿಯಾಗಿಯೇ ಇದೆ. ಮುಖ ನೋಡದವರ ಕೈಗೆ ತಾತನ ಪೆನ್ನು ಕೊಡುವಾಗ ಇಂಥ ಸಣ್ಣ ವಿಷಯವೇ ಕಣ್ಣಿಗೆ ಹೊಡೆಯುತ್ತದೆ. ಅವತ್ತೇ ಇದನ್ನು ಬಗೆಹರಿಸದೆ ಬಿಡಬಾರದು ಅಂತ ತೀರ್ಮಾನ ಮಾಡಿದೆ.

ಮೊದಲು ಫೇಸ್‌ಬುಕ್‌ನ ಶೇರಿಂಗ್ ಡಿಬಗರ್‌ಗೆ (ಲಿಂಕಿನ ಪ್ರಿವ್ಯೂ ಹೇಗೆ ಬರುತ್ತದೆ ಅಂತ ತೋರಿಸುವ ಪುಟ) ಲಿಂಕ್ ಹಾಕಿ, ಸೈಟನ್ನು ಮತ್ತೆ ಓದಿಸುವ "ಸ್ಕ್ರೇಪ್ ಅಗೈನ್" ಒತ್ತಿದೆ. ಏನೂ ಬದಲಾಗಲಿಲ್ಲ. ಹತ್ತು ಸಲ ಒತ್ತಿದೆ, ಅದೇ ಕ್ಯಾಮೆರಾ. ಆಗ ಹೊಳೆಯಿತು: ಹೊಸ ಚಿತ್ರವನ್ನು ನಾನು ಹಳೇ ಫೈಲ್ ಹೆಸರಿನಲ್ಲೇ ಅಪ್‌ಲೋಡ್ ಮಾಡಿದ್ದೆ. ಫೇಸ್‌ಬುಕ್ ಚಿತ್ರವನ್ನು ಅದರ ವಿಳಾಸದ ಮೇಲೆ ನೆನಪಿಟ್ಟುಕೊಳ್ಳುತ್ತದೆ. ವಿಳಾಸ ಅದೇ ಇದ್ದರೆ ಒಳಗೆ ಚಿತ್ರ ಬದಲಾದರೂ ಮತ್ತೆ ಬಂದು ನೋಡುವುದಿಲ್ಲ. ಹೊಸ ಫೈಲ್ ಹೆಸರು ಕೊಟ್ಟೆ, ಪ್ರಿವ್ಯೂಗೆ ಯಾವ ಚಿತ್ರ ಅಂತ ಹೇಳುವ ಓಜಿ ಇಮೇಜ್ ಟ್ಯಾಗ್‌ನಲ್ಲೂ ಬದಲಾಯಿಸಿದೆ, 1200 ಬೈ 630 ಪಿಕ್ಸೆಲ್ ಅಳತೆಗೇ ಕತ್ತರಿಸಿದೆ. ಈಗ ಆಗೇ ಆಗುತ್ತದೆ ಅಂತ ಒತ್ತಿದರೆ ಮತ್ತೆ ಕ್ಯಾಮೆರಾ.

ಇಲ್ಲಿ ಒಂದು ವಾರ ಹೋಯಿತು. ಥೀಮ್ ಬದಲಾಯಿಸಿ ನೋಡಿದೆ. ಪ್ಲಗಿನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಸೈಟನ್ನು ತಮ್ಮ ಸರ್ವರ್‌ನಲ್ಲಿ ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಗೆ ಮೂರು ಸಲ ದೂರಿನ ಟಿಕೆಟ್ ಹಾಕಿದೆ. ಮೂರು ಸಲವೂ "ನಮ್ಮ ಕಡೆ ಎಲ್ಲ ಸರಿ ಇದೆ" ಅಂತಲೇ ಉತ್ತರ, ಅದೂ ಒಂದಕ್ಷರ ಬದಲಾಗದೆ. ದುಡ್ಡು ಕಟ್ಟಿಸಿಕೊಂಡವರು ಒಂದು ಸಲ ಲಿಂಕ್ ಒತ್ತಿ ನೋಡಬಾರದಾ? ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ದಾರಿ ಸಿಕ್ಕಿದ್ದು ಸುಮ್ನೆ ಬೇರೇನೋ ನೋಡುವಾಗ. ಲಾಗಿನ್ ಆಗದೆ, ಇನ್‌ಕಾಗ್ನಿಟೋದಲ್ಲಿ ಸೈಟ್ ತೆರೆದೆ. ಹಳೇ ಹೆಸರು! ಪೇಜ್ ಸೋರ್ಸ್ (ಪುಟದ ಹಿಂದಿನ ಕೋಡ್) ತೆಗೆದರೆ ಓಜಿ ಇಮೇಜ್ ಸಾಲಿನಲ್ಲೂ ಹಳೇ ಫೈಲ್. ಅಂದರೆ ಹೋಸ್ಟಿಂಗ್‌ನವರ ಸರ್ವರ್ ನನ್ನ ಪುಟದ ಹಳೇ ನಕಲೊಂದನ್ನು ಇಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಕೊಡುತ್ತಿತ್ತು. ನಾನು ಯಾವಾಗಲೂ ಅಡ್ಮಿನ್ ಆಗಿ ಲಾಗಿನ್ ಆಗಿರುತ್ತೇನೆ, ಹಾಗಾಗಿ ನನಗೊಬ್ಬರಿಗೆ ಮಾತ್ರ ಹೊಸದು ಕಾಣುತ್ತಿತ್ತು. ಪುಟ ಓದಲು ಬರುವ ಫೇಸ್‌ಬುಕ್ಕಿನ ಕ್ರಾಲರ್ ಪ್ರೋಗ್ರಾಂ ಲಾಗಿನ್ ಆಗಿ ಬರುವುದಿಲ್ಲ ಅಲ್ವಾ? ಅದಕ್ಕೆ ಸಿಗುತ್ತಿದ್ದದ್ದು ಹಳೇ ಪುಟ. ಕಂಟ್ರೋಲ್ ಪ್ಯಾನೆಲ್‌ನ ಯಾವುದೋ ಮೂಲೆಯಲ್ಲಿ ಕ್ಯಾಶ್, ಅಂದರೆ ಆ ಹಳೇ ನಕಲು, ಅಳಿಸುವ ಬಟನ್ ಇತ್ತು. ಒತ್ತಿದೆ, ಡಿಬಗರ್‌ಗೆ ಮರಳಿದೆ, ಒಂದೇ ಸಲಕ್ಕೆ ಪೆನ್ನು ಬಂತು. ಇದೇ ಕೆಲಸಕ್ಕೆ ಲಿಂಕ್ಡ್‌ಇನ್‌ಗೆ ಅವರದೇ ಪೋಸ್ಟ್ ಇನ್‌ಸ್ಪೆಕ್ಟರ್ ಇದೆ, ಟೆಲಿಗ್ರಾಂಗೆ ವೆಬ್‌ಪೇಜ್ ಬಾಟ್ ಇದೆ, ಎರಡೂ ನಿಮಿಷದಲ್ಲಿ ಆಯಿತು.

ವಾಟ್ಸಾಪ್ ಮಾತ್ರ ಹಟ ಹಿಡಿಯಿತು. ಅಲ್ಲಿ ಪ್ರಿವ್ಯೂ ತಯಾರಾಗುವುದು ಕಳಿಸುವವರ ಫೋನಿನಲ್ಲೇ, ನನ್ನ ಫೋನ್ ಹಳೇದನ್ನೇ ನೆನಪಿಟ್ಟುಕೊಂಡಿತ್ತು. ಲಿಂಕ್‌ನ ಕೊನೆಗೆ ಒಂದು ಪ್ರಶ್ನೆ ಚಿಹ್ನೆ, ಅದರ ಮುಂದೆ ಒಂದು ಅಂಕಿ ಸೇರಿಸಿ ಕಳಿಸಿದೆ. ಫೋನಿಗೆ ಅದು ಹೊಸ ವಿಳಾಸ. ಹನ್ನೊಂದೂವರೆಗೆ ಪೆನ್ನು ಬಂದದ್ದು ಹೀಗೆ.

ಮುಂದಿನ ಕೆಲಸ ಈಗಲೇ ಕೈ ಬೀಸಿ ಕರೆಯುತ್ತಿದೆ. ಎಕ್ಸ್ ಥರದ್ದೇ ಆದ ಬ್ಲೂಸ್ಕೈನಲ್ಲಿ ನಮ್ಮ ಸ್ವಂತ ಡೊಮೇನನ್ನೇ (ಸೈಟಿನ ವಿಳಾಸ) ಹೆಸರಾಗಿ ಇಟ್ಟುಕೊಳ್ಳಬಹುದು, ಡೊಮೇನಿನ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಅನ್ನುವ ಒಂದು ಸಾಲು ಸೇರಿಸಿದರೆ ಸಾಕು. ಅಂಥದ್ದೇ ಇನ್ನೊಂದಾದ ಮಾಸ್ಟಡಾನ್‌ನಲ್ಲಿ ಸೈಟಿನಿಂದ ಪ್ರೊಫೈಲಿಗೆ ರೆಲ್-ಮಿ ಲಿಂಕ್ (ಈ ಪ್ರೊಫೈಲ್ ನನ್ನದೇ ಅಂತ ಹೇಳುವ ಲಿಂಕ್) ಕೊಟ್ಟರೆ ಪ್ರೊಫೈಲಿನಲ್ಲಿ ಹಾಕಿದ ಸೈಟಿನ ವಿಳಾಸದ ಪಕ್ಕ ಹಸಿರು ಗುರುತು ಬೀಳುತ್ತದೆ. "ನಿಮ್ಮದೇ ಅಕೌಂಟಾ" ಅಂತ ಕೇಳಿದವರಿಗೆ ಇದಕ್ಕಿಂತ ಒಳ್ಳೇ ಉತ್ತರ ಬೇಕಾ? ಪೋಸ್ಟುಗಳನ್ನೂ ಕನ್ನಡದಲ್ಲೇ ಬರೆಯಬೇಕು ಅಂತಿದೆ, ಅಲ್ಲೊಂದು ಮಜಾ ಲೆಕ್ಕ ಸಿಕ್ಕಿತು. "ದುರಸ್ತಿ" ಅನ್ನುವುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಎಕ್ಸ್ ಕೊಂಬು, ಗುಡಿಸು, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ಏಳು ಅನ್ನುತ್ತದೆ, ಬ್ಲೂಸ್ಕೈ ದು, ರ, ಸ್, ತಿ ಅಂತ ನಾಲ್ಕು ಅನ್ನುತ್ತದೆ. ಹಾಗಾಗಿ ಒಂದು ಪೋಸ್ಟಿಗೆ ಎಕ್ಸ್‌ನ 280ರ ಮಿತಿಗೂ ಬ್ಲೂಸ್ಕೈನ 300ರ ಮಿತಿಗೂ ಕನ್ನಡದಲ್ಲಿ ವ್ಯತ್ಯಾಸ ಬರೀ ಇಪ್ಪತ್ತಲ್ಲ, ತುಂಬಾ ಜಾಸ್ತಿ. ಇದರ ಬಗ್ಗೆ ಬೇರೆಯಾಗಿಯೇ ಬರೆಯುತ್ತೇನೆ.

ಇವತ್ತು ಬೆಳಿಗ್ಗೆ ತಾತನ ಪೆನ್ನಿನವರಿಗೆ ಹೊಸ ಲಿಂಕ್ ಕಳಿಸಿದೆ. ಮಧ್ಯಾಹ್ನ ಒಂದು ಫೋಟೋ ಬಂತು: ಹತ್ತಿಯಲ್ಲಿ ಸುತ್ತಿದ ಪೆನ್ನು, ಡಬ್ಬಿಯ ಮೇಲೆ ನನ್ನ 13 ಅಕ್ಷರದ ಹೆಸರು.