ರೇಟ್ ಆಮೇಲೆ

ಕುಶಾಲನಗರದ ಒಂದು ಸಣ್ಣ ಕಾಫಿ ವ್ಯಾಪಾರದ ಕಂಪನಿಯಲ್ಲಿ ಲೆಕ್ಕ ಬರೆಯುವವನು ನಾನು. ಈ ಕೆಲಸದಲ್ಲಿ ನನ್ನ ಕೈ ಅತಿ ಹೆಚ್ಚು ಸಲ ಬರೆದಿರುವುದು ಎರಡೇ ಪದ: ‘ರೇಟ್ ಆಮೇಲೆ’. ಅದೇ ಎರಡು ಪದ 2019ರಲ್ಲಿ ನಮ್ಮನ್ನು ಮುಳುಗಿಸುವುದರಲ್ಲಿತ್ತು. ನೀರು ಬರೀ ನೆಪ.

ಕೊಡಗಿನ ವ್ಯಾಪಾರ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ರೋಬಸ್ಟಾ ಜಾತಿಯ ಕಾಫಿಯ ಕೊಯ್ಲು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಕಣದಲ್ಲಿ ಸಿಪ್ಪೆ ಸಮೇತ ಒಣಗಿಸಿದ ಹಣ್ಣೇ ಚೆರಿ, ಅದನ್ನು 50 ಕಿಲೋ ಮೂಟೆ ಕಟ್ಟುತ್ತಾರೆ. ಜೂನ್ ಬಂತೆಂದರೆ ವಿರಾಜಪೇಟೆ, ಸಿದ್ದಾಪುರ ಕಡೆ ಗೋಡೆಯೂ ಬೆವರುತ್ತದೆ. ಮನೆಯಲ್ಲಿಟ್ಟ ಚೆರಿ ತೇವ ಎಳೆದುಕೊಂಡು ಕೆಡುತ್ತದೆ. ಕುಶಾಲನಗರ ಜಿಲ್ಲೆಯ ಒಣ ಮೂಲೆ. ಹಾಗಾಗಿ ಬೆಳೆಗಾರರು ಮಳೆಗೆ ಮೊದಲೇ ಪಿಕಪ್‌ನಲ್ಲಿ ತಂದು ನಮ್ಮಲ್ಲಿ ಇಳಿಸುತ್ತಾರೆ. ಇಳಿಸುತ್ತಾರೆ, ಮಾರುವುದಿಲ್ಲ. ‘ಕೈಲ್‌ಪೊಳ್ದಿನ ಹೊತ್ತಿಗೆ ದರ ನೋಡಿ ಫಿಕ್ಸ್ ಮಾಡೋಣ’ ಎನ್ನುತ್ತಾರೆ. ಕೈಲ್‌ಪೊಳ್ದ್ ಎಂದರೆ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ. ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಒಂದಿಷ್ಟು ಅಡ್ವಾನ್ಸ್ ಒಯ್ಯುತ್ತಾರೆ. ನಾನು ಚೀಟಿ ಹರಿದು ಕೊಡುತ್ತೇನೆ: ಇಷ್ಟು ಮೂಟೆ, ರೇಟ್ ಆಮೇಲೆ.

2019ರ ಆಗಸ್ಟ್‌ನಲ್ಲಿ ಕಾವೇರಿ ಊರೊಳಗೆ ಬಂದಳು. ಹಿಂದಿನ ವರ್ಷವೂ ಬಂದಿದ್ದಳು, ಆದರೆ ನಮ್ಮ ಬಾಗಿಲಿಗಲ್ಲ. ನೀರು ಇಳಿದ ಮೇಲೆ ಶಟರ್ ಎತ್ತಿದರೆ ಕೆಳಗಿನ ಎರಡು ಸಾಲು ಮೂಟೆ ಉಬ್ಬಿ, ಹುಳಿ ವಾಸನೆ ಹೊಡೆಯುತ್ತಿತ್ತು. ಅದರಲ್ಲಿ 62 ಮೂಟೆ ಸಿದ್ದಾಪುರ ಕಡೆಯ ಒಬ್ಬ ಬೆಳೆಗಾರರದ್ದು. ಮಾರ್ಚ್‌ನಲ್ಲಿ 140 ಇಳಿಸಿ, ಒಂದೂವರೆ ಲಕ್ಷ ಅಡ್ವಾನ್ಸ್ ತೆಗೆದುಕೊಂಡಿದ್ದರು.

ಅವರು ಹೇಳಿದ್ದು ಸರಳ: ‘ಕಾಫಿ ನಿಮಗೆ ಕೊಟ್ಟಾಯಿತು, ಇವತ್ತಿನ ರೇಟ್ ಹಾಕಿ ಬಾಕಿ ಕೊಡಿ.’ ನಮ್ಮ ಯಜಮಾನರೂ ಅಷ್ಟೇ ಸರಳವಾಗಿ, ‘ರೇಟೇ ಫಿಕ್ಸ್ ಆಗಿಲ್ಲ, ಅಂದಮೇಲೆ ಮಾಲು ನಿಮ್ಮದೇ, ನಾವು ಇಟ್ಟುಕೊಂಡಿದ್ದೆವು ಅಷ್ಟೆ’ ಎಂದರು. ಮೂರನೆಯವರಾಗಿ ವಿಮೆಯ ಸರ್ವೇಯರ್ ಬಂದರು. ಪಾಲಿಸಿ ಇರುವುದು ಕಂಪನಿಯ ಸ್ವಂತ ದಾಸ್ತಾನಿಗೆ, ಈ 62 ಮೂಟೆಗೆ ಖರೀದಿ ಬಿಲ್ ತೋರಿಸಿ ಎಂದರು. ಬಿಲ್ ಎಲ್ಲಿಂದ ತರುವುದು? ರೇಟ್ ಆಮೇಲೆ ತಾನೆ.

ನನ್ನ ಎದೆ ಹೊಡೆದುಕೊಳ್ಳಲು ಶುರುವಾದದ್ದು ಆ ರಾತ್ರಿ. ಕ್ಯಾಶ್ ಕ್ರೆಡಿಟ್ ಸಾಲಕ್ಕೆಂದು ಬ್ಯಾಂಕಿಗೆ ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತೇವೆ. ಅದರ ಮೇಲೆ ಎಷ್ಟು ಹಣ ಎತ್ತಬಹುದು ಎಂಬುದು ನಿಂತಿರುತ್ತದೆ. ಗೋದಾಮಿನಲ್ಲಿ ಕಣ್ಣಿಗೆ ಕಂಡ ಮೂಟೆಯನ್ನೆಲ್ಲ ಎಣಿಸಿ ‘ಸ್ವಂತ ದಾಸ್ತಾನು’ ಎಂದು ನಾನೇ ಬರೆದಿದ್ದೆ, ಆ 140ನ್ನೂ ಸೇರಿಸಿ. ಒಂದೇ ಮೂಟೆ ಬ್ಯಾಂಕಿಗೆ ನಮ್ಮದು, ಬೆಳೆಗಾರರ ಮುಂದೆ ಅವರದ್ದು, ವಿಮೆಯವರ ಎದುರು ಯಾರದ್ದೂ ಅಲ್ಲ. ಯಾರೂ ಯಾರಿಗೂ ಮೋಸ ಮಾಡಲು ಹೊರಟಿರಲಿಲ್ಲ. ಆದರೆ ಕಾಗದಗಳನ್ನು ಪಕ್ಕಪಕ್ಕ ಇಟ್ಟರೆ ಮೋಸದ ಹಾಗೇ ಕಾಣುತ್ತಿತ್ತು.

ಮಡಿಕೇರಿಯ ವಕೀಲರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. ಬೆಲೆ ಗೊತ್ತಾಗಿಲ್ಲ ಎಂದಮಾತ್ರಕ್ಕೆ ಮಾರಾಟ ಆಗಿಲ್ಲ ಎನ್ನಲಾಗದು. 1930ರ ಸರಕು ಮಾರಾಟ ಕಾಯ್ದೆಯ 9ನೇ ಕಲಂ ಪ್ರಕಾರ ಬೆಲೆಯನ್ನು ಮುಂದೆ ಗೊತ್ತುಮಾಡಲು ಬಿಡಬಹುದು. ಗೊತ್ತಾಗದೇ ಹೋದರೆ ನ್ಯಾಯವಾದ ಬೆಲೆ ಕೊಡಬೇಕು. ಮಾಲಿಕತ್ವ ಯಾವಾಗ ಕೈ ಬದಲಿಸಿತು ಎಂಬುದು ಇಬ್ಬರ ಮನಸ್ಸಿನಲ್ಲಿ ಏನಿತ್ತು ಎಂಬುದರ ಮೇಲೆ, ಮತ್ತು ಬೇರೆ ಕರಾರು ಇಲ್ಲದಿದ್ದರೆ ಮಾಲಿಕತ್ವ ಇದ್ದವರ ತಲೆಗೇ ನಷ್ಟ. ಅದೇ ಬರೀ ಇಟ್ಟುಕೊಳ್ಳಲು ಕೊಟ್ಟದ್ದಾದರೆ 1872ರ ಕರಾರು ಕಾಯ್ದೆಯ 148ನೇ ಕಲಂ. ಆಗ ನಮ್ಮ ಹೊಣೆ ಸಾಮಾನ್ಯ ವಿವೇಕವಿರುವವನು ತನ್ನದೇ ಮಾಲನ್ನು ನೋಡಿಕೊಳ್ಳುವಷ್ಟು ಎಚ್ಚರ, ಅಷ್ಟೆ. ‘ನಿಮ್ಮ ಮನಸ್ಸಿನಲ್ಲಿ ಏನಿತ್ತು?’ ಎಂದು ಕೇಳಿದರು. ನಾನು ಸ್ಟಾಕ್ ಸ್ಟೇಟ್‌ಮೆಂಟ್ ಮುಂದಿಟ್ಟೆ. ಅದನ್ನು ಓದಿದವರು ಮತ್ತೆ ನಗಲಿಲ್ಲ. ಅಡ್ವಾನ್ಸ್ ಕೊಟ್ಟಿದ್ದೀರಿ, ಲೆಕ್ಕಕ್ಕೆ ಸೇರಿಸಿದ್ದೀರಿ, ಕೋರ್ಟಿಗೆ ಹೋಗಬೇಡಿ ಎಂದರು.

140 ಮೂಟೆಗೂ ಅವತ್ತಿನ ದರ ಹಾಕಿ, ಅಡ್ವಾನ್ಸ್ ಕಳೆದು ಕೊಟ್ಟೆವು. ಆಗ ಚೆರಿಗೆ ಮೂಟೆಗೆ ಮೂರು ಸಾವಿರ ಚಿಲ್ಲರೆ. ಮುಂದೊಮ್ಮೆ ಹತ್ತು ಸಾವಿರ ದಾಟಿದ ದರದಲ್ಲಿ ಆಗಿದ್ದರೆ ಶಟರ್ ಮತ್ತೆ ಎತ್ತುತ್ತಿರಲಿಲ್ಲ. ವಿಮೆಯವರು ಆ 62ನ್ನು ಬಿಟ್ಟು ಉಳಿದದ್ದಕ್ಕೆ ಕೊಟ್ಟರು.

ಈಗ ನನ್ನ ಮೇಜಿನ ಮೇಲೆ ಎರಡು ಪುಸ್ತಕ. ಬಿಳಿ ಚೀಟಿ ಎಂದರೆ ಇಟ್ಟುಕೊಂಡದ್ದು: ಮೂಟೆಗೆ ಗುರುತು, ತಿಂಗಳ ಬಾಡಿಗೆ, ಬೇರೆ ಸಾಲು, ಬ್ಯಾಂಕಿನ ಲೆಕ್ಕಕ್ಕಿಲ್ಲ. ಇತರರ ಪರವಾಗಿ ಇಟ್ಟುಕೊಂಡ ಸರಕನ್ನೂ ವಿಮೆಗೆ ಸೇರಿಸಿ ಎಂದು ಬರೆಸಿಕೊಂಡಿದ್ದೇವೆ. ನಾವು ಕೇಳಿರಲಿಲ್ಲ, ಹಾಗಾಗಿ ಹಿಂದೆ ಯಾರೂ ಹೇಳಿರಲಿಲ್ಲ. ಹಳದಿ ಚೀಟಿ ಎಂದರೆ ಮಾಲು ಇವತ್ತಿನಿಂದಲೇ ನಮ್ಮದು. ತೇವಾಂಶ, ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಎರಡನ್ನೂ ಅವರ ಎದುರೇ ನೋಡಿ ಬರೆದು ಸಹಿ. ಸೆಪ್ಟೆಂಬರ್ 30ರೊಳಗೆ ಅವರು ಹೇಳಿದ ದಿನದ ದರ, ಹೇಳದಿದ್ದರೆ 30ರ ದರ. ಬಿಳಿಗೆ ಅಡ್ವಾನ್ಸ್ ಕೊಡುವುದಿಲ್ಲ. ಬೇರೆಯವರ ಮಾಲಿನ ಮೇಲೆ ಬಡ್ಡಿಗೆ ಹಣ ಕೊಡುತ್ತ ಹೋದರೆ 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆ ಬಾಗಿಲು ತಟ್ಟುತ್ತದೆ ಎಂದಿದ್ದರು ವಕೀಲರು. ಬಿಳಿಗೆ ಅಡ್ವಾನ್ಸ್ ಇಲ್ಲ ಎಂದದ್ದಕ್ಕೆ ಬೆಳೆಗಾರರಿಂದ ಬೈಸಿಕೊಂಡಷ್ಟು ನಾನು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ.

ಹಳದಿಯಲ್ಲೂ ಒಂದು ಬಿರುಕು ಉಳಿದಿತ್ತು. 2024ರಲ್ಲಿ ದರ ದಿನಕ್ಕೊಂದು ಮೆಟ್ಟಿಲು ಹತ್ತುತ್ತಿದ್ದಾಗ ಒಬ್ಬರು ರಾತ್ರಿ ಒಂಬತ್ತಕ್ಕೆ ‘ಫಿಕ್ಸ್ ಮಾಡಿ’ ಎಂದು ವಾಟ್ಸ್ಆ್ಯಪ್ ಕಳಿಸಿದರು. ಬೆಳಗ್ಗೆ ದರ 300 ಏರಿತ್ತು. ಯಾವ ದರ? ಬೆಳಗಿನದ್ದನ್ನೇ ಕೊಟ್ಟೆವು, ಮರುದಿನವೇ ಚೀಟಿಗೆ ಒಂದು ಸಾಲು ಸೇರಿಸಿದೆ: ಸಂಜೆ ಐದರ ನಂತರದ ಸಂದೇಶ ಮರುದಿನದ ಲೆಕ್ಕಕ್ಕೆ. ಆ ಸಂದೇಶಗಳನ್ನು ಅಳಿಸುವುದಿಲ್ಲ, ಫೋನ್ ಬದಲಿಸಿದರೂ ಹಳೆಯದು ಬೀರುವಿನಲ್ಲಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥದ್ದನ್ನು ಕೋರ್ಟಿನಲ್ಲಿ ಇಡಲು ಪ್ರಮಾಣಪತ್ರ ಬೇಕು, ಬರೀ ಸ್ಕ್ರೀನ್‌ಶಾಟ್ ಮುದ್ರಿಸಿ ಒಯ್ದರೆ ಸಾಲದು.

ಈಗಿನ ತಲೆನೋವು ಯುರೋಪಿನದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಎಂಬ ಅವರ ನಿಯಮದ ಜಾರಿ ಮುಂದೆ ಹೋಗುತ್ತಲೇ ಇದೆ, ಆದರೆ ರಫ್ತುದಾರರು ಈಗಲೇ ಯಾವ ಮೂಟೆ ಯಾವ ತೋಟದ್ದು ಎಂದು ಕೇಳುತ್ತಿದ್ದಾರೆ. ಹಾಗಾಗಿ ಚೀಟಿಯಲ್ಲಿ ಸರ್ವೆ ನಂಬರಿನ ಕಾಲಂ ಬಂತು. ಮೊನ್ನೆ ಅದೇ ಸಿದ್ದಾಪುರದ ಬೆಳೆಗಾರರು ಬಂದಿದ್ದರು. ಈಗ ಅವರು ಬಿಳಿ ಚೀಟಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ತಲೆಮಾರುಗಳಿಂದ ಕುಟುಂಬಕ್ಕೆ ಒಟ್ಟಾಗಿ ಬಂದ ಜಮ್ಮಾ ಜಾಗದ ಆರ್‌ಟಿಸಿ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ತೀರಿಹೋದ ಅಜ್ಜನ ಹೆಸರು, ಅದರ ಕೆಳಗೆ ಒಕ್ಕದ, ಅಂದರೆ ಮನೆತನದ, ಇನ್ನೂ ಹನ್ನೊಂದು ಹೆಸರು; ಅವರದ್ದು ಎಲ್ಲೂ ಇಲ್ಲ.

‘ಯಾರ ಹೆಸರು ಬರೆಯಲಿ?’ ಎಂದೆ.

‘ನಂಬರ್ ಬರ್ಕೊಳ್ಳಿ,’ ಎಂದರು, ‘ಹೆಸರು ಆಮೇಲೆ.’

ನಾನು ಪೆನ್ನಿನ ಮುಚ್ಚಳ ಹಾಕಿದೆ.