ಒಂದೂ ಮೈನರ್ ಕಾರ್ಡ್ ಇಲ್ಲದ ಬೇಸರದ ಹಾಡು

ಬೇಸರದ ಹಾಡಿಗೆ ಮೈನರ್ ಕಾರ್ಡ್ ಹಾಕಬೇಕು ಅನ್ನುವುದು ಗಿಟಾರ್ ಕ್ಲಾಸಿನ ಮೊದಲ ಪಾಠಗಳಲ್ಲೊಂದು. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರ; ಕೇಳಲು ಉಲ್ಲಾಸದ್ದು ಮೇಜರ್, ವಿಷಾದದ್ದು ಮೈನರ್. ಅಮೆರಿಕದ ಕರಿಯರ ಸೋಲ್ ಸಂಗೀತದ ಗಾಯಕ ಓಟಿಸ್ ರೆಡಿಂಗ್ ಹಾಡಿರುವ ‘ಡಾಕ್ ಆಫ್ ದ ಬೇ’ಯಲ್ಲಿ ದೀಪ ಹಚ್ಚಿ ಹುಡುಕಿದರೂ ಒಂದು ಮೈನರ್ ಸಿಗುವುದಿಲ್ಲ. ಎ, ಬಿ, ಸಿ, ಡಿ, ಇ, ಎಫ್, ಜಿ, ಜೊತೆಗೆ ನಡುವೆ ಬಂದುಹೋಗುವ ಒಂದು ಬಿ ಫ್ಲ್ಯಾಟ್ (ಬಿಗಿಂತ ಅರ್ಧ ಸ್ವರ ಕೆಳಗಿನದು). ಎಂಟೂ ಮೇಜರ್. ಆದರೂ ಊರು ಬಿಟ್ಟು ಬಂದು, ಮಾಡಲು ಕೆಲಸವಿಲ್ಲದೆ, ದಕ್ಕೆಯ ಮೇಲೆ ಕೂತು ಹೋಗಿ ಬರುವ ಹಡಗು ನೋಡುವವನ ಒಂಟಿತನ ಕೇಳುಗರಿಗೆ ನೇರವಾಗಿ ತಟ್ಟುತ್ತದೆ. ಇಷ್ಟು ವರ್ಷವಾದರೂ ಈ ಹಾಡು ಹಳತಾಗದಿರುವುದಕ್ಕೆ ಗಾಯಕನ ಅಕಾಲ ಮರಣವನ್ನೇ ಎಲ್ಲರೂ ಮುಂದಿಡುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲ ಕಾರಣ ಈ ಕಾರ್ಡುಗಳು.

1967ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟರೇ ಪಾಪ್ ಉತ್ಸವದಲ್ಲಿ ಹಾಡಿ, ಬಿಳಿಯ ರಾಕ್ ಕೇಳುಗರನ್ನೂ ಗೆದ್ದುಕೊಂಡಿದ್ದರು ರೆಡಿಂಗ್. ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾರ್ಯಕ್ರಮಗಳಿದ್ದಾಗ ಕೊಲ್ಲಿಯ ಆಚೆ ಬದಿಯ ಸಾಸಲೀಟೋದಲ್ಲಿ ಒಂದು ದೋಣಿಮನೆಯಲ್ಲಿ ಉಳಿದುಕೊಂಡರು. ಹಾಡಿನ ಮೊದಲ ಸಾಲುಗಳು ಹುಟ್ಟಿದ್ದು ಅಲ್ಲಿ. ಮುಂದೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರ ಬಾಯಿ ಮುಚ್ಚಿ ಕೂರಬೇಕಾಯಿತು. ದನಿ ಮರಳಿದ ಮೇಲೆ ಅರ್ಧಂಬರ್ಧ ಹಾಡನ್ನು ಮೆಂಫಿಸ್‌ಗೆ ತಂದು, ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಜೊತೆ ಕೂತು ಮುಗಿಸಿದರು. ಜಾರ್ಜಿಯಾದ ಮನೆ ಬಿಟ್ಟು ಬಂದೆ ಎಂಬ ಸಾಲು ರೆಡಿಂಗ್ ಬದುಕಿನದೇ. ಅವರು ಬೆಳೆದದ್ದು ಜಾರ್ಜಿಯಾದ ಮೇಕನ್‌ನಲ್ಲಿ.

ಧ್ವನಿಮುದ್ರಣ ನಡೆದದ್ದು ಮೆಂಫಿಸ್‌ನ ಮ್ಯಾಕ್‌ಲಮೋರ್ ಅವೆನ್ಯೂನಲ್ಲಿದ್ದ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ, ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದೊಳಗೆ. ಅದು ಹಳೆಯ ಸಿನಿಮಾ ಥಿಯೇಟರ್. ಪ್ರೇಕ್ಷಕರಿಗಾಗಿ ಇಳಿಜಾರು ಮಾಡಿದ್ದ ನೆಲವನ್ನು ಹಾಗೇ ಬಿಟ್ಟಿದ್ದರು. ಗಿಟಾರ್ ಕ್ರಾಪರ್, ಬೇಸ್ ಡೊನಾಲ್ಡ್ ‘ಡಕ್’ ಡನ್, ಡ್ರಮ್ಸ್ ಅಲ್ ಜಾಕ್ಸನ್ ಜೂನಿಯರ್, ಕೀಬೋರ್ಡ್ ಬೂಕರ್ ಟಿ. ಜೋನ್ಸ್. ಕಪ್ಪು-ಬಿಳಿ ಜನ ಒಟ್ಟಿಗೆ ಊಟ ಮಾಡುವುದೂ ಕಷ್ಟವಿದ್ದ ಊರಿನಲ್ಲಿ ಇಬ್ಬರು ಬಿಳಿಯರು, ಇಬ್ಬರು ಕರಿಯರ ತಂಡ. ಹಾಡು ಕೇಳಿದಾಗ ಕಂಪನಿಯೊಳಗೇ ಕೆಲವರು ಮೂಗು ಮುರಿದರು. ಅಬ್ಬರವಿಲ್ಲ, ಬೆವರಿಲ್ಲ, ಇದೆಂಥ ಸೋಲ್ ಎಂಬ ಅನುಮಾನ ಅವರದು.

ಇನ್ನು ಕಾರ್ಡುಗಳು. ರೆಡಿಂಗ್ ಗಿಟಾರ್ ಪಂಡಿತರೇನಲ್ಲ. ತಂತಿಗಳನ್ನು ಇ ಮೇಜರ್‌ಗೆ ಕೂಡಿಸಿಕೊಂಡು, ಒಂದು ಬೆರಳನ್ನು ಆರೂ ತಂತಿಗೆ ಅಡ್ಡ ಇಟ್ಟು ಮೇಲೆ ಕೆಳಗೆ ಸರಿಸುತ್ತಿದ್ದರು. ಆ ಶ್ರುತಿಯಲ್ಲಿ ಬೆರಳು ಎಲ್ಲಿಟ್ಟರೂ ಬರುವುದು ಮೇಜರ್ ಕಾರ್ಡೇ. ಮೈನರ್ ಬೇಕೆಂದರೆ ಇನ್ನೊಂದು ಬೆರಳಿಗೆ ಕೆಲಸ ಕೊಡಬೇಕು, ಅವರು ಕೊಡಲಿಲ್ಲ. ಹಾಡಿನ ಸೋಮಾರಿ ಗತ್ತು ಅರ್ಧ ಇಲ್ಲಿಂದ ಬಂದದ್ದು.

ನೀವೂ ಹಾಗೆ ನುಡಿಸಿ ನೋಡಬಹುದು. ಇ ಮೇಜರ್‌ಗೆ ಕೂಡಿಸಲು 5, 4 ಮತ್ತು 3ನೇ ತಂತಿಗಳನ್ನು ಬಿಗಿ ಮಾಡಬೇಕಾಗುತ್ತದೆ. ಅಕೂಸ್ಟಿಕ್ ಗಿಟಾರಿನಲ್ಲಿ ದಪ್ಪ ತಂತಿ ಹಾಕಿದ್ದರೆ ಇದು ಅಪಾಯ, ತಂತಿ ಹರಿಯಬಹುದು, ಕತ್ತು ಬಾಗಬಹುದು. ಬದಲಿಗೆ ಕೆಳಗಿಳಿಸಿ: 6ನೇ ತಂತಿ ಇಯಿಂದ ಡಿಗೆ, 3ನೇದು ಜಿಯಿಂದ ಎಫ್ ಶಾರ್ಪ್‌ಗೆ, 2ನೇದು ಬಿಯಿಂದ ಎಗೆ, 1ನೇದು ಇಯಿಂದ ಡಿಗೆ. 5 ಮತ್ತು 4ನ್ನು ಮುಟ್ಟಬೇಡಿ. 2ನೇ ಫ್ರೆಟ್‌ಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್, ಹಾಕಿದರೆ ತೆರೆದ ತಂತಿಗಳು ಇ ಮೇಜರ್ ಆದವು. ಕೇಪೋದಿಂದ ಎಣಿಸಿದರೆ 3ನೇ ಫ್ರೆಟ್ ಜಿ, 5 ಎ, 7 ಬಿ, 8 ಸಿ, 10 ಡಿ, 1 ಎಫ್. ಬೆರಳು ಎತ್ತಿದರೆ ಇ.

ಚರಣದ ಪ್ರತಿ ಸಾಲು ನಾಲ್ಕು ಎಣಿಕೆಯ ಎರಡು ಆವರ್ತ. ಮೊದಲ ಸಾಲಿಗೆ ಜಿ, ಬಿ. ಎರಡನೆಯದಕ್ಕೆ ಸಿ, ಎ. ಮತ್ತೆ ಅದೇ. ಒಟ್ಟು ಎಂಟು ಆವರ್ತ. ಪುಸ್ತಕಗಳಲ್ಲಿ ಬಿ ಸೆವೆನ್ತ್ (ಇನ್ನೊಂದು ಸ್ವರ ಸೇರಿದ ಬಿ ಮೇಜರ್) ಎಂದಿರುತ್ತದೆ, ಬರಿಯ ಬಿ ಮೇಜರ್ ಆದರೂ ನಡೆಯುತ್ತದೆ. ಬಹಳ ಮಂದಿ ಎಡವುವುದು ಸಿಯಿಂದ ಎಗೆ ಹೋಗುವಲ್ಲಿ. ಅಲ್ಲಿ ನೆಗೆಯಬಾರದು, ಜಾರಬೇಕು: ಸಿ, ಬಿ, ಬಿ ಫ್ಲ್ಯಾಟ್, ಎ. ಅಂದರೆ 8, 7, 6, 5ನೇ ಫ್ರೆಟ್. ಸಿ ಆವರ್ತದ ಕೊನೆಯ ಎರಡು ಎಣಿಕೆಗೆ ಬಿ ಮತ್ತು ಬಿ ಫ್ಲ್ಯಾಟ್ ಬಂದು, ಮುಂದಿನ ಆವರ್ತದ ಮೊದಲ ಏಟಿಗೆ ಸರಿಯಾಗಿ ಎ ಬೀಳಬೇಕು. ಜಾರುವ ಉತ್ಸಾಹದಲ್ಲಿ ಬೇಗ ಶುರುಮಾಡಿದರೆ ಎಯಲ್ಲಿ ಬಂದು ಕಾಯಬೇಕಾಗುತ್ತದೆ, ಆಗ ಬೇಸ್ ನುಡಿಸುವವರಿಗೂ ನಿಮಗೂ ಜಗಳ.

ನಮ್ಮ ಸ್ವರಗಳ ಲೆಕ್ಕದಲ್ಲಿ ನೋಡಿದರೆ ಇದರ ಚಮತ್ಕಾರ ಇನ್ನೂ ಸ್ಪಷ್ಟ. ಜಿಯನ್ನು ಷಡ್ಜ ಮಾಡಿಕೊಳ್ಳಿ. ಜಿ ಮೇಜರ್ ಅಂದರೆ ಶಂಕರಾಭರಣದ ಸ್ವರಗಳು. ಬಿ ಕಾರ್ಡ್ ಹೊರಗಿನ ಶುದ್ಧ ಧೈವತ ತರುತ್ತದೆ, ಎ ಪ್ರತಿ ಮಧ್ಯಮ ತರುತ್ತದೆ, ಇ ಶುದ್ಧ ರಿಷಭ, ಎಫ್ ಕೈಶಿಕಿ ನಿಷಾದ, ಜಾರುವಾಗಿನ ಬಿ ಫ್ಲ್ಯಾಟ್ ಸಾಧಾರಣ ಗಾಂಧಾರ. ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದೂ ಬಿಟ್ಟುಹೋಗಿಲ್ಲ! ಇಷ್ಟಾದರೂ ಕೇಳಲು ಎರಡು ಕಾರ್ಡಿನ ಜನಪದ ಗೀತೆಯಷ್ಟು ಸರಳ.

ಅದಕ್ಕಿಂತ ಮುಖ್ಯವಾದದ್ದು ಈ ಕಾರ್ಡುಗಳು ಎಲ್ಲಿಗೆ ಹೋಗುವುದಿಲ್ಲ ಅನ್ನುವುದು. ಬಿ ಸೆವೆನ್ತ್ ಕೇಳಿದ ಕಿವಿ ಮುಂದೆ ಇ ಮೈನರ್ ಬರುತ್ತದೆಂದು ಕಾಯುತ್ತದೆ, ಬರುವುದು ಸಿ. ಎ ಮೇಜರ್ ಡಿಯತ್ತ ಕೈ ತೋರಿಸುತ್ತದೆ, ಬರುವುದು ಜಿ. ಪಲ್ಲವಿಯಲ್ಲಿ ಜಿ, ಇ, ಜಿ, ಇ, ಜಿ, ಎ, ಜಿ, ಇ, ಒಂದೊಂದಕ್ಕೆ ಒಂದು ಆವರ್ತ. ಇಲ್ಲೂ ಇ ತಾನು ಹೋಗಬೇಕಾದ ಎಗೆ ಒಮ್ಮೆಯೂ ಹೋಗದೆ ಜಿಗೇ ವಾಪಸು. ಸಾಮಾನ್ಯ ಪಾಪ್ ಹಾಡಿನಲ್ಲಿ ಹೆಜ್ಜೆಗೊಮ್ಮೆ ಸಿಗುವ ಪಂಚಮದ ಕಾರ್ಡ್, ಅಂದರೆ ಡಿ, ಎರಡು ಚರಣ, ಎರಡು ಪಲ್ಲವಿ ಮುಗಿದರೂ ಪತ್ತೆಯಿಲ್ಲ. ಅದು ಬರುವುದು ನಡುವಣ ಭಾಗದಲ್ಲಿ: ಜಿ, ಡಿ, ಸಿ ಮೂರು ಸಲ, ಆಮೇಲೆ ಎಫ್, ಆಮೇಲೆ ಪೂರ್ತಿ ಒಂದು ಆವರ್ತ ಡಿ, ಅಲ್ಲಿಂದ ಮನೆಗೆ, ಜಿಗೆ. ಹತ್ತು ಜನ ಹೇಳಿದ್ದನ್ನು ಮಾಡಲು ನನ್ನಿಂದಾಗದು, ಇದ್ದ ಹಾಗೇ ಇರುತ್ತೇನೆ ಎಂದು ಹಾಡಿನವನು ಕೈಚೆಲ್ಲುವ ಜಾಗವದು. ಕಾರ್ಡುಗಳು ಕೊಟ್ಟ ಮಾತು ಉಳಿಸಿಕೊಳ್ಳುವುದು ಅವನು ಆಸೆ ಬಿಟ್ಟ ಆ ಗಳಿಗೆಯಲ್ಲಿ ಮಾತ್ರ.

ಹಾಗಾಗಿ ಪಲ್ಲವಿಯ ಇಯನ್ನು ಇ ಮೈನರ್ ಮಾಡಿದರೆ ಹಾಡು ಸತ್ತಂತೆ. ಜಿ ಹಾಡಿಗೆ ಇ ಮೈನರ್ ಎಂದು ಕೈಗೆ ರೂಢಿಯಾಗಿರುವುದರಿಂದ ಬ್ಯಾಂಡುಗಳಲ್ಲಿ ಇದು ಪದೇ ಪದೇ ಆಗುತ್ತದೆ. ಗಿಟಾರಿನವರು ಇ ಮೇಜರ್ ಹಿಡಿದು ಕೀಬೋರ್ಡಿನವರು ಮೈನರ್ ಒತ್ತಿದರಂತೂ ಜಿ ಮತ್ತು ಜಿ ಶಾರ್ಪ್ ತಿಕ್ಕಾಡಿ ಕೇಳಲಾಗದು. ಇನ್ನೊಂದು ತಪ್ಪು ವೇಗದ್ದು. ಮೂಲ ಹಾಡಿನದು ನಿಮಿಷಕ್ಕೆ ಸುಮಾರು 104 ಏಟು, ಅಷ್ಟೇನೂ ವಿಳಂಬವಲ್ಲ. ನಿಧಾನವಾಗಿ ಕೇಳಿಸುವುದು ತಂಡದ ಸಂಯಮದಿಂದ, 2 ಮತ್ತು 4ನೇ ಏಟನ್ನು ಕೂದಲೆಳೆಯಷ್ಟು ಹಿಂದಿಟ್ಟು ನುಡಿಸುವ ಸ್ಟ್ಯಾಕ್ಸ್ ಪದ್ಧತಿಯಿಂದ. ಬೇಸರದ ಹಾಡೆಂದು 85ಕ್ಕೆ ಇಳಿಸಿದರೆ ಜೋಗುಳವಾಗುತ್ತದೆ. ಆರೂ ತಂತಿ ಒಟ್ಟಿಗೆ ಬಾರಿಸುವುದೂ ಬೇಡ. ಕ್ರಾಪರ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ಸಾಲು ಮುಗಿದ ಬಿಡುವಿನಲ್ಲಿ ನಾಲ್ಕಾರು ಸ್ವರ ಹೇಳಿ ಸುಮ್ಮನಾಗುತ್ತಾರೆ. ಆ ಬಿಡುವು ಉಳಿಸಿ.

1967ರ ಡಿಸೆಂಬರ್ 10ರಂದು ಕ್ಲೀವ್‌ಲ್ಯಾಂಡ್‌ನಿಂದ ಮ್ಯಾಡಿಸನ್‌ಗೆ ಹೊರಟಿದ್ದ ಪುಟ್ಟ ವಿಮಾನ ವಿಸ್ಕಾನ್ಸಿನ್‌ನ ಮನೋನಾ ಸರೋವರಕ್ಕೆ ಬಿತ್ತು. ರೆಡಿಂಗ್‌ಗೆ 26 ವರ್ಷ. ಜೊತೆಗಿದ್ದ ಬಾರ್-ಕೇಸ್ ತಂಡದ ಹುಡುಗರಲ್ಲಿ ನಾಲ್ವರು ಹೋದರು, ತುತ್ತೂರಿ ವಾದಕ ಬೆನ್ ಕಾಲಿ ಒಬ್ಬರೇ ಬದುಕಿದರು. ಗೆಳೆಯನ ಹಾಡನ್ನು ಮಿಕ್ಸ್ ಮಾಡಿ ಮುಗಿಸುವ ಕೆಲಸ ಕ್ರಾಪರ್ ಪಾಲಿಗೆ ಬಂತು. ಅಲೆಗಳ ಮತ್ತು ಕಡಲಹಕ್ಕಿಯ ಸದ್ದು ಆಗ ಸೇರಿದ್ದು. ಮುದ್ರಣದ ವೇಳೆ ರೆಡಿಂಗ್ ತಾವೇ ಹಕ್ಕಿಯ ಹಾಗೆ ಕೂಗಿ ತಮಾಷೆ ಮಾಡಿದ್ದು ಉಳಿದ ಟೇಪುಗಳಲ್ಲಿದೆ.

ಹಾಡು 1968ರ ಜನವರಿಯಲ್ಲಿ ಸ್ಟ್ಯಾಕ್ಸ್‌ನದೇ ವೋಲ್ಟ್ ಲೇಬಲ್‌ನಲ್ಲಿ ಹೊರಬಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮಾರ್ಚ್ 16ರಂದು ಮೊದಲ ಸ್ಥಾನಕ್ಕೇರಿತು. ಗಾಯಕ ತೀರಿಹೋದ ಮೇಲೆ ಆ ಸ್ಥಾನ ಹಿಡಿದ ಮೊದಲ ಹಾಡು ಇದು. ನಾಲ್ಕು ವಾರ ಅಲ್ಲೇ ಇತ್ತು. ನಾಲ್ಕನೆಯದು ಏಪ್ರಿಲ್ 6ರ ಪಟ್ಟಿ. ಏಪ್ರಿಲ್ 4ರಂದು ಅದೇ ಮೆಂಫಿಸ್‌ನಲ್ಲಿ, ಸ್ಟ್ಯಾಕ್ಸ್ ಕಲಾವಿದರು ಕೂತು ಹಾಡು ಕಟ್ಟುತ್ತಿದ್ದ ಲೊರೇನ್ ಮೋಟೆಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಅದೇ ವರ್ಷ ಸ್ಟ್ಯಾಕ್ಸ್‌ಗೆ ಗೊತ್ತಾದ ಇನ್ನೊಂದು ಸಂಗತಿ: 1965ರಲ್ಲಿ ಸರಿಯಾಗಿ ಓದದೆ ಸಹಿ ಹಾಕಿದ್ದ ಕರಾರಿನ ಪ್ರಕಾರ, ಸ್ಟ್ಯಾಕ್ಸ್‌ನ ರೆಕಾರ್ಡುಗಳ ವಿತರಕ ಕಂಪನಿ ಅಟ್ಲಾಂಟಿಕ್ ಹಂಚಿದ ಅಷ್ಟೂ ಹಾಡುಗಳ ಮೂಲ ಟೇಪುಗಳು ಅಟ್ಲಾಂಟಿಕ್‌ನ ಸ್ವತ್ತು. ಕಂಪನಿಯ ಅತಿ ದೊಡ್ಡ ಹಿಟ್ ಕೂಡ ಅದರಲ್ಲೇ ಹೋಯಿತು. ಹಾಡಿಗೆ ಎರಡು ಗ್ರ್ಯಾಮಿ ಬಂದವು. 1999ರಲ್ಲಿ ಹಾಡು ಬರೆದವರ ಗೌರವಧನ ವಸೂಲಿ ಮಾಡುವ ಅಮೆರಿಕದ ಬಿಎಂಐ ಸಂಸ್ಥೆ ಶತಮಾನದಲ್ಲಿ ಅತಿ ಹೆಚ್ಚು ಪ್ರಸಾರವಾದ ಹಾಡುಗಳ ಪಟ್ಟಿ ಮಾಡಿದಾಗ ಇದಕ್ಕೆ 6ನೇ ಸ್ಥಾನ.

ಬೇರೆಯವರು ಹಾಡಿದ್ದಕ್ಕೆ ಲೆಕ್ಕವಿಲ್ಲ. ಮೈಕಲ್ ಬೋಲ್ಟನ್ ಹಾಡಿದ್ದು 1988ರಲ್ಲಿ ಅಮೆರಿಕದಲ್ಲಿ 11ನೇ ಸ್ಥಾನದವರೆಗೆ ಹೋಯಿತು. ದನಿ ಗಟ್ಟಿ, ಸಂಶಯವಿಲ್ಲ, ಆದರೆ ಅಷ್ಟು ಶಕ್ತಿಯಿರುವವನು ದಕ್ಕೆಯಲ್ಲಿ ಯಾಕೆ ಸುಮ್ಮನೆ ಕೂತಾನು? ಬೇರೆ ಹಾಡುಗಳಲ್ಲಿ ಗರ್ಜಿಸುವ ರೆಡಿಂಗ್ ಇಲ್ಲಿ ನಡುವಣ ಭಾಗದಲ್ಲಷ್ಟೇ ಕೊಂಚ ದನಿ ಏರಿಸಿ ತಕ್ಷಣ ಇಳಿಸಿಬಿಡುತ್ತಾರೆ.

ಕೊನೆಯ ಸಿಳ್ಳೆಯ ಬಗ್ಗೆ ಕ್ರಾಪರ್ ಹೇಳುತ್ತಿದ್ದದ್ದು, ಅಲ್ಲಿ ರೆಡಿಂಗ್ ಏನೋ ಮಾತಿನಂತೆ ಹಾಡಬೇಕಿತ್ತು, ಮರೆತು ಸಿಳ್ಳೆ ಹಾಕಿದರು ಎಂದು. ಅದರ ಕೆಳಗೆ ಓಡುವುದು ಜಿ ಮತ್ತು ಇ ಎರಡೇ. ಇ ಬಂದಾಗ ಷಡ್ಜದ ಮೇಲೆ ಸಿಳ್ಳೆ ಎಳೆದರೆ ಶುದ್ಧ ರಿಷಭಕ್ಕೆ ತಾಗಿ ಕಿರಿಕಿರಿ. ಗಾಂಧಾರಕ್ಕೋ ಚತುಶ್ರುತಿ ಧೈವತಕ್ಕೋ ಸರಿದುಕೊಳ್ಳಿ. ಮೈಕಿನ ಎದುರಿಗೆ ನೇರ ಊದಿದರೆ ಗಾಳಿಯ ಸದ್ದೇ ಹೆಚ್ಚು ಕೇಳಿಸುತ್ತದೆ, ಮುಖವನ್ನು ಸ್ವಲ್ಪ ಓರೆ ಮಾಡಿ. ರೆಕಾರ್ಡಿನಲ್ಲಿ ಇಲ್ಲಿಂದ ಸದ್ದು ತಾನಾಗಿ ಇಳಿದುಹೋಗುತ್ತದೆ, ವೇದಿಕೆಯಲ್ಲಿ ಆ ಅನುಕೂಲವಿಲ್ಲ. ಎಷ್ಟು ಸುತ್ತಿಗೆ, ಯಾವ ಕಾರ್ಡಿಗೆ ನಿಲ್ಲಿಸುವುದು ಎಂದು ಮೊದಲೇ ಮಾತಾಡಿಕೊಳ್ಳದ ತಂಡ ಇಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಜಿಯಲ್ಲಿ ನಿಲ್ಲಿಸಿದರೆ ಚೊಕ್ಕವಾಗಿ ಮುಗಿಯುತ್ತದೆ, ಚಪ್ಪಾಳೆಯೂ ಸರಿಯಾಗಿ ಬೀಳುತ್ತದೆ. ನಾನಾದರೆ ಇಯಲ್ಲೇ ನಿಲ್ಲಿಸಿ ಎನ್ನುತ್ತೇನೆ.