ಬೇಲಿಯ ದರ ಹೇಳುವ ಮೊದಲು ನಾನು ಕೇಳುವ ಪ್ರಶ್ನೆ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲೀ ಮತ್ತು ಕ್ಯಾರಿ ಕಡೆ, ನಾಯಿಗಳಿಗೆ ಎಲೆಕ್ಟ್ರಾನಿಕ್ ಬೇಲಿ ಹಾಕಿಕೊಡುವುದು, ಅದರೊಳಗೆ ಇರುವುದನ್ನು ನಾಯಿಗೆ ಕಲಿಸುವುದು ನನ್ನ ಕೆಲಸ. ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ದರ. ನಾನು ಕೇಳುವುದು ಬೇರೆ: ‘ನಿಮ್ಮ ನಾಯಿ ಯಾವುದನ್ನು ಕಂಡರೆ, ಕರೆದರೂ ತಿರುಗಿ ನೋಡದೆ ಓಡುತ್ತದೆ?’ ಈ ಬೇಲಿ ಅವರಿಗೆ ಆಗಿಬರುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಆ ಉತ್ತರದಲ್ಲೇ ಗೊತ್ತಾಗುತ್ತದೆ.

ಇಲ್ಲಿನ ಕನ್ನಡದ ಮನೆಗಳಿಗೆ ಹೋದಾಗ, ಅದರಲ್ಲೂ ಮಲೆನಾಡಿನ ಕಡೆಯವರಾದರೆ, ಅವರ ತಲೆಯಲ್ಲಿರುವುದು ತೋಟದ ಐಬೆಕ್ಸ್ ಬೇಲಿ, ಅಂದರೆ ಕಾಡುಪ್ರಾಣಿ ಬಾರದಂತೆ ಕರೆಂಟು ಹಾಯಿಸಿದ ತಂತಿ. ಹೂತ ತಂತಿಯಲ್ಲಿ ಕರೆಂಟಿದೆ, ಮಕ್ಕಳು ತುಳಿದರೆ ಏನು ಗತಿ ಎಂದು ಗಾಬರಿಯಾಗುತ್ತಾರೆ. ಇದು ಹಾಗಲ್ಲ. ಗ್ಯಾರೇಜಿನ ಗೋಡೆಯಲ್ಲಿ ಒಂದು ಟ್ರಾನ್ಸ್‌ಮಿಟರ್ ಇರುತ್ತದೆ. ಅಂಗಳದ ಸುತ್ತ ಎರಡು ಮೂರು ಇಂಚು ಆಳದಲ್ಲಿ ಹೂತ ತಂತಿಯಲ್ಲಿ ಅದು ಸಣ್ಣ ರೇಡಿಯೊ ಸಂಕೇತ ಕಳಿಸುತ್ತಿರುತ್ತದೆ, ಅಷ್ಟೆ. ನಾಯಿ ತಂತಿಯ ಹತ್ತಿರ ಬಂದರೆ ಕೊರಳಪಟ್ಟಿ ಮೊದಲು ಬೀಪ್ ಎನ್ನುತ್ತದೆ. ಇನ್ನೂ ಮುಂದೆ ಹೋದರೆ ಪಟ್ಟಿಯ ಬ್ಯಾಟರಿಯಿಂದಲೇ, ಕುತ್ತಿಗೆಗೆ ತಾಗಿರುವ ಎರಡು ಲೋಹದ ಮೊನೆಗಳ ಮೂಲಕ ಶಾಕ್. 1970ರ ದಶಕದಲ್ಲಿ ರಿಚರ್ಡ್ ಪೆಕ್ ಪೇಟೆಂಟ್ ಪಡೆದ ಉಪಾಯ ಇದು. ಮೂಲ ತತ್ವ ಇವತ್ತಿಗೂ ಬದಲಾಗಿಲ್ಲ.

ಜನ ಇದನ್ನು ಯಾಕೆ ಕೇಳುತ್ತಾರೆ ಎಂಬುದೂ ನ್ಯಾಯವೇ. ಇಲ್ಲಿನ ಎಷ್ಟೋ ಬಡಾವಣೆಗಳಲ್ಲಿ ನಿವಾಸಿಗಳ ಸಂಘ ಮುಂದಿನ ಅಂಗಳಕ್ಕೆ ಬೇಲಿ ಕಟ್ಟಲು ಬಿಡುವುದಿಲ್ಲ, ಹಿತ್ತಲಿಗೂ ಇಷ್ಟೇ ಎತ್ತರ, ಇಂಥದ್ದೇ ಬಣ್ಣ ಎಂಬ ಕಟ್ಟಳೆ. ಮರದ ಬೇಲಿಗಿಂತ ಇದು ಸಾಮಾನ್ಯವಾಗಿ ಅಗ್ಗ. ಬೇಲಿಯ ಬುಡ ತೋಡಿ ನುಸುಳುವ, ಇಲ್ಲವೇ ಮೇಲೆ ಹಾರುವ ನಾಯಿಗೆ ತೋಡಲು, ಹಾರಲು ಇಲ್ಲಿ ಏನೂ ಸಿಗುವುದಿಲ್ಲ.

ಆದರೆ ಜಿಂಕೆ ಬಂತು ಎಂದುಕೊಳ್ಳಿ. ಇಲ್ಲಿ ಸಂಜೆಯಾದರೆ ಜಿಂಕೆಗಳು ಮನೆ ಮನೆಯ ಹೂಗಿಡ ಮೇಯಲು ಬರುತ್ತವೆ. ಬೆನ್ನಟ್ಟುವ ಆವೇಶದಲ್ಲಿರುವ ನಾಯಿಗೆ ಒಂದು ಕ್ಷಣದ ಶಾಕ್ ಲೆಕ್ಕಕ್ಕೇ ಬರುವುದಿಲ್ಲ, ದಾಟಿಯೇ ಬಿಡುತ್ತದೆ. ಆನೆ ಮರ ಕೆಡವಿ ಐಬೆಕ್ಸ್ ತಂತಿ ದಾಟುವ ಸುದ್ದಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಂದರೆ ಶುರುವಾಗುವುದು ಆಮೇಲೆ. ಆವೇಶ ಇಳಿದು ಮನೆಗೆ ಮರಳಬೇಕೆಂದರೆ ಅದೇ ಗೆರೆ, ಅದೇ ಶಾಕ್. ಓಡುವಾಗ ಲೆಕ್ಕಿಸದ ನೋವನ್ನು ಬರುವಾಗ ಯಾವ ನಾಯಿ ತಾನಾಗಿ ಮೈಮೇಲೆ ಎಳೆದುಕೊಂಡೀತು? ಹೊರಗೇ ಉಳಿಯುತ್ತದೆ, ರಸ್ತೆಯ ಬದಿಯಲ್ಲಿ. 2017ರಲ್ಲಿ ಅಮೆರಿಕದಲ್ಲಿ ನಾಯಿ ಸಾಕಿದವರನ್ನು ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ, ಎಲೆಕ್ಟ್ರಾನಿಕ್ ಬೇಲಿಯೊಳಗಿನ ನಾಯಿಗಳಲ್ಲಿ ಶೇ. 44ರಷ್ಟು ತಪ್ಪಿಸಿಕೊಂಡಿದ್ದವು, ನಿಜವಾದ ಬೇಲಿಯೊಳಗಿನವು ಶೇ. 23ರ ಆಸುಪಾಸು. ಈ ಅಂಕಿಯನ್ನು ನಾನು ಗ್ರಾಹಕರಿಂದ ಮುಚ್ಚಿಡುವುದಿಲ್ಲ.

ಇನ್ನೊಂದು, ಬೇಲಿ ನಾಯಿಯನ್ನು ಒಳಗಿಡುತ್ತದೆ, ಹೊರಗಿನದನ್ನು ಹೊರಗಿಡುವುದಿಲ್ಲ. ತೋಳದ ಜಾತಿಯ ಕಾಡುಪ್ರಾಣಿ ಕಯೋಟಿ ಈ ರಾಜ್ಯದ ಎಲ್ಲ 100 ಕೌಂಟಿಗಳಲ್ಲೂ ಇದೆ. ಪುಟ್ಟ ನಾಯಿಯನ್ನು ಈ ಬೇಲಿಯ ಭರವಸೆಯಲ್ಲಿ ಒಂಟಿಯಾಗಿ ಬಿಡುವ ಮಾತು ಬಂದರೆ ನಾನು ಅಲ್ಲೇ ಬೇಡ ಎನ್ನುತ್ತೇನೆ.

ನನ್ನ ಕೆಲಸದಲ್ಲಿ ತಂತಿ ಹೂಳುವುದು ಸುಲಭದ ಭಾಗ. ಮಿಕ್ಕಿದ್ದೇ ಕಷ್ಟ. ಗೆರೆಯುದ್ದಕ್ಕೂ ಬಿಳಿ ಬಾವುಟ ನೆಟ್ಟು, ಶಾಕ್ ಇಲ್ಲದೆ ಬರೀ ಬೀಪ್ ಇಟ್ಟು, ಹಗ್ಗ ಹಿಡಿದು, ಬೀಪ್ ಕೇಳಿದ ಕೂಡಲೇ ಹಿಂದೆ ತಿರುಗಿದರೆ ತಿಂಡಿ ಕೊಟ್ಟು ಕಲಿಸಬೇಕು. ಎರಡು ವಾರ ದಿನಾ ಮನೆಯವರೇ ಮಾಡಬೇಕು. ಇದನ್ನು ಬಿಟ್ಟು ನೇರ ಶಾಕಿಗೆ ಹೋದರೆ ನಾಯಿ ಗೆರೆಯನ್ನು ಕಲಿಯುವುದಿಲ್ಲ, ಆಗ ಕಣ್ಣೆದುರು ಏನಿತ್ತೋ ಅದನ್ನು ದ್ವೇಷಿಸಲು ಕಲಿಯುತ್ತದೆ. ಸೈಕಲ್ಲಿನಲ್ಲಿ ಹೋಗುವ ಪಕ್ಕದ ಮನೆಯ ಹುಡುಗನನ್ನು ನೋಡಲು ಬಾಲ ಅಲ್ಲಾಡಿಸುತ್ತ ಓಡಿದ ನಾಯಿಗೆ ನಾಲ್ಕು ಸಲ ಶಾಕ್ ಹೊಡೆದರೆ, ಐದನೇ ಸಲ ಅದು ಹುಡುಗನನ್ನು ಕಂಡು ಗುರ್ ಎನ್ನಬಹುದು. ಈಗಾಗಲೇ ಜನರನ್ನು ಕಂಡರೆ ಹೆದರುವ ನಾಯಿಗೆ ನಾನು ಈ ಬೇಲಿ ಹಾಕುವುದಿಲ್ಲ.

ಶಾಕ್ ಕೊಟ್ಟು ಕಲಿಸುವುದೇ ತಪ್ಪು ಎನ್ನುವವರೂ ಇದ್ದಾರೆ, ಅವರದು ಹಗುರ ಮಾತಲ್ಲ. ವೇಲ್ಸ್‌ನಲ್ಲಿ 2010ರಿಂದ ಶಾಕ್ ಪಟ್ಟಿಗೆ ನಿಷೇಧವಿದೆ. ಪ್ರಾಣಿಗಳ ವರ್ತನೆ ಅಭ್ಯಾಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವೂ 2021ರಲ್ಲಿ, ಬಹುಮಾನ ಕೊಟ್ಟು ಕಲಿಸುವ ದಾರಿಯೊಂದೇ ಸಾಕು ಎಂದು ಹೇಳಿದೆ. ಇದನ್ನು ಒಪ್ಪುವ ಗ್ರಾಹಕರಿಗೆ ಬೀಪ್ ಮಾತ್ರ ಇಟ್ಟುಕೊಡಬಲ್ಲೆ, ಆದರೆ ಆಗ ಅಂಗಳದಲ್ಲಿ ಅವರೂ ಇರಲೇಬೇಕು.

ಸಣ್ಣಪುಟ್ಟವೂ ಇವೆ. ಪಟ್ಟಿಯನ್ನು ದಿನವಿಡೀ ಬಿಟ್ಟರೆ ಮೊನೆ ಒತ್ತಿದಲ್ಲಿ ಹುಣ್ಣಾಗುತ್ತದೆ, ರಾತ್ರಿ ಬಿಚ್ಚಿಡಬೇಕು. ಸೆಪ್ಟೆಂಬರಿನಲ್ಲಿ ಹುಲ್ಲುಹಾಸಿಗೆ ತೂತು ಹೊಡೆಯುವ ಯಂತ್ರ ಬಂದರೆ ತಂತಿ ತುಂಡಾಗುತ್ತದೆ. ಆ ತಿಂಗಳು ನಮ್ಮ ಫೋನಿಗೆ ಬಿಡುವಿಲ್ಲ. ತಂತಿ ಬೇಡ, ಜಿಪಿಎಸ್ ಪಟ್ಟಿ ಸಾಕು ಎನ್ನುವವರಿಗೆ ಅಂಗಳ ಎಷ್ಟು ದೊಡ್ಡದು ಎಂದು ಕೇಳುತ್ತೇನೆ. ಮರ, ಗೋಡೆಗಳ ಹತ್ತಿರ ಜಿಪಿಎಸ್ ಗೆರೆ ಕೆಲವು ಮೀಟರ್ ಅತ್ತಿತ್ತ ಸರಿಯುತ್ತದೆ. ಎರಡು ಮೂರು ಎಕರೆಗೆ ಅದು ನಡೆಯುತ್ತದೆ, ಕಾಲು ಎಕರೆಯ ಅಂಗಳಕ್ಕೆ ರಸ್ತೆಯೇ ಒಳಗೆ ಬಂದುಬಿಡುತ್ತದೆ.

ಹಾಗಾಗಿ ತಿರುಗಾಡುವ ಚಟದ, ಕರೆದರೆ ಓಡಿ ಬರುವ ಲ್ಯಾಬ್ರಡಾರ್ ಇದ್ದರೆ ಮರುವಾರವೇ ಬಂದು ತಂತಿ ಹೂಳುತ್ತೇನೆ. ಬೆನ್ನಟ್ಟುವ ಸ್ವಭಾವದ ಹಸ್ಕಿ ಇದ್ದು, ಹಿತ್ತಲಿಗೆ ಜಿಂಕೆ ಬರುವುದಾದರೆ ಮರದ ಬೇಲಿ ಕಟ್ಟುವವರ ನಂಬರ್ ಕೊಡುತ್ತೇನೆ, ಆರು ಅಡಿ ಎತ್ತರಕ್ಕೆ ಸಂಘದ ಒಪ್ಪಿಗೆ ಕೇಳುವ ಅರ್ಜಿ ಬರೆಯಲೂ ನೆರವಾಗುತ್ತೇನೆ. ಆರ್ಡರ್ ಬಿಟ್ಟುಕೊಟ್ಟೆ ಎಂದು ಕಂಪನಿಯ ಮೇಲಿನವರು ಗೊಣಗಿದ್ದುಂಟು. ಈಗೀಗ ಅಂಥ ಮನೆಗಳ ಪಟ್ಟಿಯನ್ನು ಅವರೇ ಮೊದಲು ನನಗೆ ಕಳಿಸುತ್ತಾರೆ.